ಮೂಳೆಯೊಳಗೇ ಮದ್ದು

ಪುಣೆಯಿಂದ ಹಳೆಯ ಮುಂಬೈ ರಸ್ತೆ ಹಿಡಿದರೆ ಸಿಗುವ ಪಿಂಪ್ರಿ ಇವತ್ತು ಮೋಟಾರು ಕಾರ್ಖಾನೆಗಳ ಊರು. ಅದಕ್ಕೂ ಮೊದಲು ಅಲ್ಲಿಗೆ ಬಂದದ್ದು ಔಷಧ. 1954ರಲ್ಲಿ ಸರ್ಕಾರ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಂಪನಿಯನ್ನು ಸ್ಥಾಪಿಸಿತು. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮರುವರ್ಷವೇ ಅಲ್ಲಿ ಪೆನಿಸಿಲಿನ್ ತಯಾರಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಶಿಲೀಂಧ್ರಗಳ ಬೆನ್ನುಹತ್ತಿದ್ದ ಎಂ. ಜೆ. ತಿರುಮಲಾಚಾರ್ ಅಲ್ಲಿನ ಸಂಶೋಧನೆಯ ಮುಂದಾಳಾಗಿ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧ ಕಂಡುಹಿಡಿದರು. ಅದನ್ನು ಕೊಟ್ಟ ಜೀವಿಗೆ ‘ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ’ ಎಂದು ಊರಿನ ಹೆಸರನ್ನೇ ಇಟ್ಟರು. ನಮ್ಮವರೊಬ್ಬರ ಈ ಕೆಲಸ ನಮ್ಮಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಔಷಧವೇನೋ ಸೀಸೆಗಟ್ಟಲೆ ಸಿಗತೊಡಗಿತು. ಆದರೂ ಮೂಳೆಯ ಕೀವು ಮಾತ್ರ ಬಗ್ಗಲಿಲ್ಲ. ಸೂಜಿಯಲ್ಲಿ ಕೊಟ್ಟ ಮದ್ದು ರಕ್ತದ ಜೊತೆ ಹೋಗಬೇಕು; ಸೋಂಕಿನಿಂದ ಸತ್ತ ಮೂಳೆಯ ತುಣುಕಿಗೆ ರಕ್ತವೇ ಹೋಗುವುದಿಲ್ಲ. ಮುರಿದ ಕಾಲಿಗೆ ರಾಡ್ ಅಥವಾ ಪ್ಲೇಟ್ ಹಾಕಿದ್ದರಂತೂ ಬ್ಯಾಕ್ಟೀರಿಯಾಗಳು ಲೋಹಕ್ಕೆ ಅಂಟಿ, ಮೇಲೆ ಲೋಳೆಯ ಪದರ ಹೊದ್ದು ಕೂರುತ್ತವೆ. ಆ ಪದರದೊಳಗಿನವನ್ನು ಕೊಲ್ಲಲು ಮಾಮೂಲಿ ಪ್ರಮಾಣದ ನೂರಾರು ಪಟ್ಟು ಮದ್ದು ಬೇಕು. ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕನ್ನು ರಕ್ತದಲ್ಲಿ ಅಷ್ಟು ಹರಿಸಿದರೆ ಮೂತ್ರಪಿಂಡವೂ ಕಿವಿಯೂ ಕೈಕೊಡುತ್ತವೆ. ವರ್ಷಗಟ್ಟಲೆ ಒಸರುವ ಗಾಯ, ಮತ್ತೆ ಮತ್ತೆ ಕೆರೆದು ತೆಗೆಯುವ ಆಪರೇಷನ್, ಕೊನೆಗೆ ಕಾಲನ್ನೇ ತೆಗೆಯುವುದು – ಎಷ್ಟೋ ಮನೆಗಳಲ್ಲಿ ಇದೇ ಕಥೆ.

ದಾರಿ ಹೊಳೆದದ್ದು ಹ್ಯಾಂಬರ್ಗ್‌ನಲ್ಲಿ. ಕೃತಕ ಸೊಂಟದ ಕೀಲನ್ನು ಕೂರಿಸಲು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಆಗಲೇ ಅಕ್ರಿಲಿಕ್ ಸಿಮೆಂಟ್ ಬಳಕೆಗೆ ತಂದಿದ್ದರು. ಹಾನ್ಸ್ ಬುಖ್‌ಹೋಲ್ಟ್ಸ್ ಎಂಬ ಸರ್ಜನ್, ಆ ಸಿಮೆಂಟಿನ ಪುಡಿಗೇ ಆಂಟಿಬಯಾಟಿಕ್ ಬೆರೆಸಿದರೆ ಹೇಗೆ ಎಂದು ನೋಡಿ, ಸಹೋದ್ಯೋಗಿ ಎಂಗೆಲ್‌ಬ್ರೆಖ್ಟ್ ಜೊತೆ 1970ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಮೆಂಟ್ ಗಟ್ಟಿಯಾಗುವಾಗ ಕೈ ಸುಡುವಷ್ಟು ಬಿಸಿಯೇರುತ್ತದೆ. ಆ ಕಾವಿಗೆ ಕೆಡದ ಮದ್ದೇ ಬೇಕು. ಪೆನಿಸಿಲಿನ್, ಎರಿತ್ರೊಮೈಸಿನ್‌ಗಳನ್ನೂ ನೋಡಿದರು. ನಿಂತದ್ದು 1963ರಲ್ಲಷ್ಟೇ ಬೆಳಕಿಗೆ ಬಂದಿದ್ದ ಜೆಂಟಾಮೈಸಿನ್. ಪಿಂಪ್ರಿಯಲ್ಲಿ 1960ರ ದಶಕದಲ್ಲಿ ತಯಾರಾಗುತ್ತಿದ್ದ ಸ್ಟ್ರೆಪ್ಟೊಮೈಸಿನ್‌ನ ದಾಯಾದಿ ಅದು.

ಫ್ರಾಂಕ್‌ಫರ್ಟಿನ ಸರ್ಜನ್ ಕ್ಲಾಸ್ ಕ್ಲೆಮ್ ಈ ಮದ್ದು ಬೆರೆತ ಸಿಮೆಂಟನ್ನೇ ಮಣಿಯಾಗಿಸಿದರು. 7 ಮಿಲಿಮೀಟರಿನ ಒಂದೊಂದು ಮಣಿಯಲ್ಲೂ 7.5 ಮಿಲಿಗ್ರಾಂ ಜೆಂಟಾಮೈಸಿನ್ ಸಲ್ಫೇಟ್. ಉಕ್ಕಿನ ತಂತಿಗೆ ಪೋಣಿಸಿದ ಆ ಸರವನ್ನು ಮೂಳೆಯ ಪೊಳ್ಳಿನಲ್ಲಿ ತುಂಬಿ ಗಾಯ ಹೊಲಿಯುವುದು. ಮದ್ದು ಅಲ್ಲೇ ಒಸರುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ನಮ್ಮ ದೇಶದ ಆಸ್ಪತ್ರೆಗಳಲ್ಲಿ ಈ ಮಣಿ ಹೆಚ್ಚಾಗಿ ಕೈತಯಾರಿಕೆ. ಜೆಂಟಾಮೈಸಿನ್ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ದ್ರವರೂಪದಲ್ಲಿ, ದ್ರವ ಬೆರೆತ ಸಿಮೆಂಟಿನ ಗಟ್ಟಿತನ ಕಡಿಮೆಯಾಗುತ್ತದೆ. ಹಾಗಾಗಿ ಸರ್ಜನ್‌ಗಳು ಪುಡಿಯಾಗಿಯೇ ಬರುವ ವ್ಯಾಂಕೊಮೈಸಿನ್ ಹಿಡಿದರು. 40 ಗ್ರಾಂ ಸಿಮೆಂಟಿಗೆ ಎರಡರಿಂದ ನಾಲ್ಕು ಗ್ರಾಂ ಬೆರೆಸಿ, ಅದು ರೊಟ್ಟಿ ಹಿಟ್ಟಿನ ಹದಕ್ಕೆ ಬಂದಾಗ ಉಂಡೆ ಕಟ್ಟಿ ತಂತಿಗೆ ಒತ್ತುತ್ತಾರೆ. ಕೆಲವೇ ನಿಮಿಷಗಳ ಆಟ, ತಡವಾದರೆ ಕಲ್ಲು. ಉದ್ದ ಮೂಳೆಯ ನಡುವಿನ ಟೊಳ್ಳಿಗೆ ಮಣಿ ಸಾಲದು. ಬಾಲ್ಟಿಮೋರ್‌ನ ಡ್ರೋರ್ ಪೇಲಿ ಮತ್ತು ಜಾನ್ ಹರ್ಜನ್‌ಬರ್ಗ್ 2002ರಲ್ಲಿ ವರದಿ ಮಾಡಿದ ಉಪಾಯ ನೋಡಿ: ಎದೆಯಿಂದ ನೀರು ತೆಗೆಯುವ ಪ್ಲಾಸ್ಟಿಕ್ ಕೊಳವೆಯನ್ನೇ ಅಚ್ಚಾಗಿಸಿ, ಒಳಗೆ ರಾಡ್ ಇಟ್ಟು ಸುತ್ತ ಮದ್ದಿನ ಸಿಮೆಂಟ್ ಸುರಿಯುವುದು, ಗಟ್ಟಿಯಾದ ಮೇಲೆ ಕೊಳವೆ ಸೀಳಿ ತೆಗೆಯುವುದು. ಮೂಳೆಗೆ ಆಸರೆಯೂ ಆಯಿತು, ಮದ್ದೂ ಆಯಿತು. ಯುರೋಪಿನಲ್ಲಿ 2005ರ ಸುಮಾರಿಗೆ ಕಾರ್ಖಾನೆಯಲ್ಲೇ ಜೆಂಟಾಮೈಸಿನ್ ಲೇಪಿಸಿದ ರಾಡ್ ಬಂತು. ಅಚ್ಚುಕಟ್ಟಾದ ವಸ್ತು, ಒಪ್ಪುತ್ತೇನೆ. ಆದರೆ ಯಾರ ಗಾಯದಲ್ಲಿ ಯಾವ ಬ್ಯಾಕ್ಟೀರಿಯಾ ಇದೆಯೋ ನೋಡಿ ಅದಕ್ಕೆ ತಕ್ಕ ಮದ್ದು ಬೆರೆಸುವ ಸ್ವಾತಂತ್ರ್ಯ ಕೈತಯಾರಿಕೆಗೇ ಇದೆ.

ಕೀಲು ಬದಲಿಸುವ ಆಪರೇಷನ್‌ನಲ್ಲೂ ಇದೇ ವಿದ್ಯೆ. ಪುಣೆಯಲ್ಲಿ 1965ರಲ್ಲಿ ಆಸ್ಪತ್ರೆ ಕಟ್ಟಿದ ಡಾ. ಕೆ. ಎಚ್. ಸಂಚೇತಿ, ನೆಲದ ಮೇಲೆ ಕೂರುವ ಭಾರತೀಯರಿಗೆಂದೇ ‘ಇಂಡಸ್’ ಕೃತಕ ಮಂಡಿ ರೂಪಿಸಿದವರು. ಅದಿರಲಿ, ಬೇರೆ ಯಾವುದೇ ಇರಲಿ, ಕೃತಕ ಮಂಡಿಗೆ ಕೀವು ಹತ್ತಿದರೆ ಸಾಮಾನ್ಯವಾಗಿ ಅದನ್ನು ತೆಗೆದು, ಮದ್ದು ಬೆರೆಸಿದ ಸಿಮೆಂಟಿನ ತುಂಡನ್ನು ಕೆಲವು ವಾರ ಆ ಜಾಗದಲ್ಲಿ ಇಟ್ಟು, ಸೋಂಕು ಹೋದ ಮೇಲೆ ಹೊಸ ಮಂಡಿ ಹಾಕುತ್ತಾರೆ.

ಸಿಮೆಂಟಿನ ದೊಡ್ಡ ದೋಷವೆಂದರೆ ಅದು ಕರಗದು. ಮೊದಲ ದಿನಗಳಲ್ಲಿ ಭರದಿಂದ ಮದ್ದು ಬಿಟ್ಟು, ಆಮೇಲೆ ಚೂರುಚೂರೇ ಒಸರುತ್ತಾ ಉಳಿದದ್ದನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಆ ಸಣ್ಣ ಒಸರು ಬ್ಯಾಕ್ಟೀರಿಯಾಗಳಿಗೆ ಮದ್ದನ್ನು ಜಯಿಸುವ ತಾಲೀಮು. ಮಣಿ ತೆಗೆಯಲು ಇನ್ನೊಂದು ಆಪರೇಷನ್ ಬೇರೆ. ಹಾಗಾಗಿ ಈಗ ಕರಗುವ ಮಣಿಗಳತ್ತ ಒಲವು. ಅವು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಜರ್ಮನಿಯ ಡ್ರೆಸ್‌ಮನ್ 1892ರಲ್ಲೇ ಅದಕ್ಕೆ ಕ್ರಿಮಿನಾಶಕ ಫೀನಾಲ್ ಬೆರೆಸಿ ಮೂಳೆಯ ಪೊಳ್ಳು ತುಂಬಿದ್ದರು! ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳಂತೂ ಮೂಳೆಯ ಪೊಳ್ಳು ತುಂಬಲು ರೇಷ್ಮೆಯ ಪ್ರೋಟೀನಿನಿಂದ ರಂಧ್ರಮಯ ಗುಂಡುಗಳನ್ನು ಮಾಡಿದ್ದಾರೆ. ರೇಷ್ಮೆಯ ಊರಾದ ರಾಮನಗರದವರು ಕಿವಿಗೊಡಬೇಕಾದ ಸುದ್ದಿ.

ಕರಗುವ ಮಣಿಗೂ ಒಂದು ಕಿರಿಕಿರಿ ಇದೆ. ಅದು ಕರಗುವಾಗ ಕೆಲವರ ಗಾಯದಿಂದ ವಾರಗಟ್ಟಲೆ ತಿಳಿನೀರು ಸೋರುತ್ತದೆ. ಕೀವು ಮರಳಿತೆಂದು ಮನೆಯವರು ಗಾಬರಿಯಾಗಿ ಓಡಿಬರುತ್ತಾರೆ. ಅದಕ್ಕೇ ಅನುಭವಸ್ಥ ಸರ್ಜನ್‌ಗಳು ಆಪರೇಷನ್‌ಗೆ ಮೊದಲೇ ಮನೆಯವರನ್ನು ಕೂರಿಸಿಕೊಂಡು ಈ ನೀರಿನ ವಿಷಯ ಹೇಳಿಬಿಡುತ್ತಾರೆ.