ಸುರಗಿಯೂ ಶ್ರೀಗಂಧವೂ

ಹೂವಿನ ಆಯುಷ್ಯ ಒಂದೇ ಹಗಲೆಂದು ಕವಿಗಳು ಮರುಗುವುದುಂಟು. ನಮ್ಮ ಸುರಗಿಯ ಮಟ್ಟಿಗೆ ಈ ಮರುಕ ಸಲ್ಲದು. ಬೇಸಗೆ ಕಾಲಿಡುವ ಹೊತ್ತಿಗೆ ನಗರ, ಹೊಸನಗರ, ಸಾಗರ, ತೀರ್ಥಹಳ್ಳಿಗಳ ಕಾಡಂಚಿನಲ್ಲಿ ಈ ಮರದ ಕೊಂಬೆಗಳಿಗೇ ಅಂಟಿಕೊಂಡಂತೆ ಮೊಗ್ಗುಗಳು ಮೂಡುತ್ತವೆ. ಬಿಡಿಸಿ ತಂದು, ಪೋಣಿಸಿ, ಒಣಗಿಸಿದರೆ ಬಿಳಿಯ ಎಸಳು ಕಂದಾಗುತ್ತದೆ; ಗಂಧ ಮಾತ್ರ ಹೋಗುವುದಿಲ್ಲ. ಸೀರೆಯ ಪೆಟ್ಟಿಗೆಯೊಳಗೆ ಆ ಒಣಮಾಲೆ ಮುಂದಿನ ಸುಗ್ಗಿಯವರೆಗೂ ಇರುತ್ತದೆ. ರಂಜೆಯ ಹೂವಿಗೂ ಇದೇ ಗುಣವುಂಟು. ಸಂಪಿಗೆ ಇಂಥ ಭಾಗ್ಯವನ್ನು ಪಡೆದು ಬಂದುದಲ್ಲ.

ಸುಗಂಧವನ್ನು ಕೈಯಾರೆ ಕೂಡಿಸಹೊರಟವನ ಮುಖ್ಯ ಕಷ್ಟವೂ ಇದೇ. ಪರಿಮಳವೆಂಬುದು ಆವಿಯಾಗಿ ಹಾರಿದರೆ ಮಾತ್ರ ಮೂಗಿಗೆ ತಲುಪುತ್ತದೆ, ಹಾರಿದ್ದು ಉಳಿಯುವುದಿಲ್ಲ. ಹಗುರ ಅಣುಗಳು ಮೊದಲು ಹೋಗುತ್ತವೆ, ಭಾರವಾದವು ನಿಧಾನವಾಗಿ. ಆದುದರಿಂದ ಹೂವಿನ ಚಂಚಲ ಗಂಧವನ್ನು ತಡೆದು ನಿಲ್ಲಿಸುವ ಒಂದು ಆಧಾರದ್ರವ್ಯ ಬೇಕು. ಶ್ರೀಗಂಧದ ಎಣ್ಣೆಯಲ್ಲಿರುವ ಸ್ಯಾಂಟಲಾಲ್ ಅಂಥದು. ಲಾವಂಚದ ಬೇರಿನ ಎಣ್ಣೆಯೂ ಅಂಥದೇ. ಧೂಪದ ಕೆಲಸಕ್ಕೆ ಹಾಲ್ಮಡ್ಡಿಯ ಅಂಟು, ರಾಳಧೂಪ ಮೊದಲಾದುವುಂಟು. ಪುನುಗನ್ನು ಇಲ್ಲಿ ಬಿಟ್ಟುಬಿಡುವುದೇ ಲೇಸು. ಆ ಬೆಕ್ಕು ೧೯೭೨ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿದೆ, ಸೆರೆಯಲ್ಲಿ ಅದು ಪಡುತ್ತಿದ್ದ ಪಾಡೂ ಸುಖದ್ದಲ್ಲ.

ಬೆರೆಸುವ ವಿದ್ಯೆ ನಮ್ಮಲ್ಲಿ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ವಿಲೇಪನಕ್ಕೂ ಧೂಪಕ್ಕೂ ಎಡೆಗೊಟ್ಟಿದ್ದಾನೆ. ಆತನಿಗಿಂತ ಆರು ಶತಮಾನ ಹಿಂದಿನ ವರಾಹಮಿಹಿರನು ‘ಬೃಹತ್ಸಂಹಿತೆ’ಯ ಗಂಧಯುಕ್ತಿಯಲ್ಲಿ ಗಣಿತವನ್ನೇ ಹೂಡಿದ. ಹದಿನಾರು ದ್ರವ್ಯಗಳಿಂದ ನಾಲ್ಕನ್ನು ಆಯುವ ಬಗೆಗಳು ೧೮೨೦. ಆಯ್ದ ನಾಲ್ಕನ್ನು ಒಂದು, ಎರಡು, ಮೂರು, ನಾಲ್ಕು ಭಾಗಗಳಾಗಿ ಕೂಡಿಸಿದರೆ ಒಂದೊಂದಕ್ಕೂ ೨೪ ಬಗೆ. ಗುಣಿಸಿದರೆ ೪೩,೬೮೦! ಗಣಿತವನ್ನು ನೀರಸವೆನ್ನುವ ವಿದ್ಯಾರ್ಥಿಗಳು ಗಮನಿಸಬೇಕು.

ಹೂವೂ ಇದೆ, ಅದನ್ನು ಹಿಡಿದು ನಿಲ್ಲಿಸುವ ಮರವೂ ಇದೆ. ಹಾಗಿದ್ದೂ ಅತ್ತರಿನ ಊರೆಂಬ ಹೆಸರು ಬಂದುದು ಉತ್ತರದ ಕನೌಜಿಗೆ, ನಮ್ಮ ಸೀಮೆಗಲ್ಲ. ಅಲ್ಲಿ ತಾಮ್ರದ ಹಂಡೆಯಲ್ಲಿ ಹೂವನ್ನು ಬೇಯಿಸಿ, ಆವಿಯನ್ನು ಬಿದಿರಿನ ನಳಿಗೆಯಿಂದ ಶ್ರೀಗಂಧದೆಣ್ಣೆ ತುಂಬಿದ ಪಾತ್ರೆಗೆ ಇಳಿಸುತ್ತಾರೆ. ಹೂವಿನ ಉಸಿರನ್ನು ಆ ಎಣ್ಣೆ ಕುಡಿದುಕೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಹೀಗೇಕೆ ಆಗಲಿಲ್ಲ?

ಕಾರಣವನ್ನು ಕಾಡಿನಲ್ಲಲ್ಲ, ಕಾಯಿದೆಯಲ್ಲಿ ಹುಡುಕಬೇಕೆಂದು ನನ್ನ ಭಾವನೆ. ಕೆಳದಿಯರಸರ ರಾಜಧಾನಿಯಾಗಿದ್ದ ಬಿದನೂರು ೧೭೬೩ರಲ್ಲಿ ಹೈದರಾಲಿಯ ವಶವಾಗಿ ‘ನಗರ’ವೆನಿಸಿತು. ೧೭೯೨ರಲ್ಲಿ ಟಿಪ್ಪು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮುಂದಿನ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ಮರ ರೈತನ ಹೊಲದ್ದು, ಕಾಯುವ ಹೊಣೆಯೂ ಅವನದು, ಒಡೆತನ ಮಾತ್ರ ಅರಸನದು! ತಾನಾಗಿ ಹುಟ್ಟಿದ ಸಸಿಯನ್ನು ಕಂಡರೆ ಕಿತ್ತೊಗೆಯುವುದೇ ಕ್ಷೇಮವೆಂದು ರೈತನಿಗೆ ತೋರಿದ್ದರೆ ಆಶ್ಚರ್ಯವೇನು?

ಈ ಒಡೆತನದಿಂದ ಒಳಿತೂ ಆಯಿತೆನ್ನಬೇಕು. ೧೯೧೪ರ ಯುದ್ಧದಿಂದ ಕೊರಡಿನ ರಫ್ತು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರೂ ವಿಶ್ವೇಶ್ವರಯ್ಯನವರೂ ನಾಡಿನಲ್ಲಿಯೇ ಎಣ್ಣೆ ತೆಗೆಯುವ ಕಾರ್ಖಾನೆಗೆ ಮುಂದಾದರು. ೧೯೪೪ರಲ್ಲಿ ಶಿವಮೊಗ್ಗದಲ್ಲಿಯೂ ಅಂಥದೊಂದು ಏರ್ಪಟ್ಟಿತು. ಕೊರಡು ಕಾರ್ಖಾನೆಗೆ ಹೋಯಿತು, ಸಾಗರ, ಸೊರಬಗಳ ಗುಡಿಗಾರರ ಉಳಿಗೂ ಒಂದು ಪಾಲು ಸಂದಿತು. ಆದರೆ ಸುರಗಿಯನ್ನು ಬಲ್ಲ ಮನೆಯಾಕೆಯ ಕೈಗೆ ಶ್ರೀಗಂಧದೆಣ್ಣೆ ಎಟುಕಲಿಲ್ಲ. ಆಕೆ ಬಲ್ಲ ಆಧಾರ ತೈಲವೊಂದೇ. ಎಳ್ಳಿನ ಪದರದ ಮೇಲೆ ಹೂವಿನ ಪದರವನ್ನು ಹಾಸಿ, ಹೂ ಬಾಡಿದಂತೆಲ್ಲ ಹೊಸದನ್ನು ಹರಡಿ, ಕೊನೆಗೆ ಆ ಎಳ್ಳನ್ನು ಗಾಣಕ್ಕೆ ಕೊಡುವ ಹಳೆಯ ರೀತಿ ಬೆಂಕಿಯನ್ನೂ ಬೇಡುವುದಿಲ್ಲ, ಹಂಡೆಯನ್ನೂ ಬೇಡುವುದಿಲ್ಲ.

೨೦೦೧ರ ತಿದ್ದುಪಡಿಯಿಂದ ಶ್ರೀಗಂಧವು ಬೆಳೆದವನದೇ ಆಯಿತು. ಆದರೆ ಎಣ್ಣೆಯಿರುವುದು ಬೇರಿನಲ್ಲಿ ಮತ್ತು ಚೇಗಿನಲ್ಲಿ. ಚೇಗು ಚೆನ್ನಾಗಿ ಬಲಿಯಲು ಎರಡು ಮೂರು ದಶಕಗಳೇ ಬೇಕು. ಆಗ ನೆಟ್ಟ ಮರಗಳು ಈಗ ಹದಕ್ಕೆ ಬರುತ್ತಿರಬೇಕು. ಕನೌಜಿನ ರೀತಿಯಲ್ಲಿ ಸುರಗಿಯನ್ನೂ ರಂಜೆಯನ್ನೂ ಶ್ರೀಗಂಧದೊಡನೆ ಕೂಡಿಸಿ ನೋಡಲು ನಮ್ಮವರಿಗೆ ಈಗ ಅವಕಾಶವುಂಟು. ಸುರಗಿಯ ಮಾತು ಬೇರೆ. ಅದಕ್ಕೆ ಶ್ರೀಗಂಧಕ್ಕಿದ್ದಂಥ ಕಾವಲಿಲ್ಲ. ಹತ್ತಿ ಬಿಡಿಸುವ ತಾಳ್ಮೆಯಿಲ್ಲದವರು ಮೊಗ್ಗಿಗಾಗಿ ಕೊಂಬೆಯನ್ನೇ ಕಡಿದು ಕೆಡಹುವುದುಂಟು; ಆ ಕೊಂಬೆಯಲ್ಲಿ ಮರುವರ್ಷ ಬಿಡಿಸಲು ಹೂವಿರುವುದಿಲ್ಲ.