ಮೂಳೆಯ ಜಾಗಕ್ಕೆ ಪಿಂಗಾಣಿ ಮತ್ತು ಗಾಜು: ಚಿಕಿತ್ಸೆಗೆ ಮುನ್ನ ತಿಳಿದಿರಲಿ

ಹಲ್ಲು ಕೀಳಿಸಿ ಕೆಲವು ವರ್ಷಗಳಾದ ಮೇಲೆ ಇಂಪ್ಲಾಂಟ್ ಹಾಕಿಸಲು ಹೋದರೆ, "ಇಲ್ಲಿ ಮೂಳೆ ಸವೆದಿದೆ, ಬೋನ್ ಗ್ರಾಫ್ಟ್ ಹಾಕಬೇಕಾಗುತ್ತದೆ" ಎಂದು ದಂತವೈದ್ಯರು ಹೇಳುವುದುಂಟು. ಬೆನ್ನುಮೂಳೆಯ ಆಪರೇಷನ್, ಕೂಡದೇ ಉಳಿದ ಮೂಳೆ ಮುರಿತ, ಮೂಳೆಯೊಳಗಿನ ಗೆಡ್ಡೆ ತೆಗೆಸುವುದು ಮುಂತಾದ ಸಂದರ್ಭಗಳಲ್ಲೂ ಇದೇ ಮಾತು ಬರುತ್ತದೆ. ಅನೇಕರು ತಲೆಯಾಡಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾರೆ. ಮನೆಗೆ ಬಂದ ಮೇಲೆ ಸಂಶಯ ಶುರುವಾಗುತ್ತದೆ: ಆ ಬಿಳಿ ಪುಡಿ ಎಲ್ಲಿಂದ ಬಂತು? ಮನುಷ್ಯನದೇ, ಪ್ರಾಣಿಯದೇ? ಹಂದಿಯದಾಗಿದ್ದರೆ?

ಈ ಪ್ರಶ್ನೆಯನ್ನು ಆಪರೇಷನ್‌ಗೆ ಮೊದಲೇ ಕೇಳಬೇಕು. ಕೇಳಬೇಕಾದರೆ ವಿಷಯ ಸ್ವಲ್ಪ ಗೊತ್ತಿರಬೇಕು.

ಗ್ರಾಫ್ಟ್ ನಾಲ್ಕು ವಿಧ

ಮೂಳೆ ತನ್ನನ್ನು ತಾನೇ ಸರಿಪಡಿಸಿಕೊಳ್ಳಬಲ್ಲ ಅಂಗ. ಮುರಿದ ಮೂಳೆಯನ್ನು ಅಲುಗಾಡದಂತೆ ಇಟ್ಟರೆ ಸಾಮಾನ್ಯವಾಗಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಆದರೆ ಮೂಳೆಯ ಒಂದು ಭಾಗವೇ ಇಲ್ಲವಾದರೆ ಆ ದೊಡ್ಡ ಟೊಳ್ಳನ್ನು ದಾಟಿ ಬೆಳೆಯಲು ಅದಕ್ಕೆ ಕಷ್ಟ. ಅಲ್ಲಿ ಒಂದು ಆಸರೆ ಬೇಕು. ಆ ಆಸರೆಯೇ ಗ್ರಾಫ್ಟ್.

ಮೊದಲನೆಯದು ರೋಗಿಯ ಸ್ವಂತ ಮೂಳೆ, ಅಂದರೆ ಆಟೋಗ್ರಾಫ್ಟ್. ಸಾಮಾನ್ಯವಾಗಿ ಸೊಂಟದ ಮೂಳೆಯಿಂದ ತೆಗೆಯುತ್ತಾರೆ. ಇದರಲ್ಲಿ ಜೀವಂತ ಕೋಶಗಳಿರುವುದರಿಂದ ಇಂದಿಗೂ ಇದನ್ನೇ ಉತ್ತಮವೆಂದು ಪರಿಗಣಿಸಲಾಗುತ್ತದೆ. ಆದರೆ ಇನ್ನೊಂದು ಕಡೆ ಗಾಯ ಮಾಡಬೇಕು, ಅಲ್ಲಿ ನೋವು ಉಳಿಯಬಹುದು, ಸಿಗುವ ಪ್ರಮಾಣವೂ ಕಡಿಮೆ. ಎರಡನೆಯದು ಬೇರೊಬ್ಬ ಮನುಷ್ಯನ ಮೂಳೆ, ಅಲೋಗ್ರಾಫ್ಟ್. ಮೂರನೆಯದು ಪ್ರಾಣಿಮೂಲದ್ದು, ಝೆನೋಗ್ರಾಫ್ಟ್. ಇದು ಹೆಚ್ಚಾಗಿ ದನದ ಮೂಳೆಯಿಂದ ಬರುತ್ತದೆ. ಕೆಲವು ಉತ್ಪನ್ನಗಳು ಹಂದಿ ಅಥವಾ ಕುದುರೆಯ ಮೂಳೆಯಿಂದಲೂ ತಯಾರಾಗುತ್ತವೆ. ನಾಲ್ಕನೆಯದು ಕಾರ್ಖಾನೆಯಲ್ಲಿ ತಯಾರಾದ ಕೃತಕ ವಸ್ತು, ಅಲೋಪ್ಲಾಸ್ಟ್. ಪಿಂಗಾಣಿಯ ಜಾತಿಗೆ ಸೇರಿದ ಸೆರಾಮಿಕ್ ಮತ್ತು ಗಾಜು ಇಲ್ಲಿ ಬರುತ್ತವೆ.

ಗಮನಿಸಿ: ಅಲೋಗ್ರಾಫ್ಟ್ ಮತ್ತು ಅಲೋಪ್ಲಾಸ್ಟ್ ಕೇಳಲು ಒಂದೇ ಥರ ಇವೆ. ಮೊದಲನೆಯದು ಮನುಷ್ಯನ ಮೂಳೆ, ಎರಡನೆಯದು ಕೃತಕ.

ಪಿಂಗಾಣಿಗೆ ಮೂಳೆಯ ಗುಣ ಹೇಗೆ?

ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಖನಿಜವೇ. ಅದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ, ಹೈಡ್ರಾಕ್ಸಿಅಪಟೈಟ್ ಎಂಬ ವಸ್ತುವಿನ ಒಂದು ರೂಪ. ಉಳಿದದ್ದು ಮುಖ್ಯವಾಗಿ ಕೊಲಾಜೆನ್ ಎಂಬ ಪ್ರೋಟೀನು ಮತ್ತು ನೀರು. ಹೈಡ್ರಾಕ್ಸಿಅಪಟೈಟನ್ನು ರಾಸಾಯನಿಕಗಳಿಂದಲೇ ತಯಾರಿಸಿ, ಮಡಕೆ ಸುಡುವಂತೆ ಕುಲುಮೆಯಲ್ಲಿ ಸುಟ್ಟರೆ ಗಟ್ಟಿಯಾದ ಸೆರಾಮಿಕ್ ಸಿಗುತ್ತದೆ. ಅದು ಮೂಳೆಯ ಖನಿಜವನ್ನೇ ಹೋಲುವುದರಿಂದ ದೇಹ ಅದನ್ನು ಸಾಮಾನ್ಯವಾಗಿ ಹೊರಗಿನದೆಂದು ತಿರಸ್ಕರಿಸುವುದಿಲ್ಲ.

ಆದರೆ ಗಟ್ಟಿ ತುಂಡೊಂದನ್ನು ಇಟ್ಟರೆ ಮೂಳೆ ಅದರ ಹೊರಮೈಗೆ ಮಾತ್ರ ಅಂಟಿಕೊಳ್ಳುತ್ತದೆ. ಒಳಗೆ ಬೆಳೆಯಲು ದಾರಿ ಬೇಕು. ಅದಕ್ಕಾಗಿ ಸ್ಪಂಜಿನಂತೆ ರಂಧ್ರಗಳಿರುವ ಸೆರಾಮಿಕ್ ಮಾಡುತ್ತಾರೆ. ಒಂದು ವಿಧಾನ ಸರಳ: ಸ್ಪಂಜನ್ನು ಸೆರಾಮಿಕ್ ಹಿಟ್ಟಿನ ಗಂಜಿಯಲ್ಲಿ ಅದ್ದಿ ಒಣಗಿಸಿ ಕುಲುಮೆಗೆ ಹಾಕುತ್ತಾರೆ. ಸ್ಪಂಜು ಸುಟ್ಟುಹೋಗುತ್ತದೆ, ಅದರ ಆಕಾರದ ಸೆರಾಮಿಕ್ ಉಳಿಯುತ್ತದೆ.

ರಂಧ್ರಗಳ ಗಾತ್ರ ಮುಖ್ಯ. ಮೂಳೆ ಒಳಗೆ ಬೆಳೆಯಲು ಕನಿಷ್ಠ ಸುಮಾರು 100 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಒಂದು ಕೂದಲಿನಷ್ಟು ಅಗಲ ಬೇಕು. ರಕ್ತನಾಳಗಳೂ ಚೆನ್ನಾಗಿ ಬೆಳೆಯಬೇಕಾದರೆ 300 ಮೈಕ್ರಾನ್‌ಗಿಂತ ದೊಡ್ಡದಾದರೆ ಒಳ್ಳೆಯದು. ರಂಧ್ರಗಳು ಒಂದಕ್ಕೊಂದು ಸೇರಿಕೊಂಡಿರಬೇಕು. ಬಾಗಿಲಿಲ್ಲದ ಕೋಣೆಯೊಳಗೆ ಯಾರೂ ಹೋಗಲಾಗದು, ರಕ್ತನಾಳಕ್ಕೂ ಅಷ್ಟೇ.

ಸಮುದ್ರದ ಹವಳದ ಕೆಲವು ಜಾತಿಗಳಲ್ಲಿ ಇಂತಹ ರಂಧ್ರಗಳು ತಾವಾಗಿಯೇ ಇರುತ್ತವೆ. 1970ರ ದಶಕದಲ್ಲಿ ಅಮೆರಿಕದ ಸಂಶೋಧಕರು ಹವಳದ ಸುಣ್ಣವನ್ನು ಬಿಸಿ ಮತ್ತು ಒತ್ತಡದಲ್ಲಿ ಹೈಡ್ರಾಕ್ಸಿಅಪಟೈಟ್ ಆಗಿ ಬದಲಾಯಿಸುವ ವಿಧಾನ ಕಂಡುಹಿಡಿದರು. ರಂಧ್ರಗಳ ಜಾಲ ಹಾಗೆಯೇ ಉಳಿಯಿತು. ಇದರಿಂದ ಮಾಡಿದ ಗೋಲಿಗಳು ಕಣ್ಣು ಕಳೆದುಕೊಂಡವರಿಗೂ ನೆರವಾದವು. ಗೋಲಿಯನ್ನು ಕಣ್ಣಿನ ಗುಳಿಯಲ್ಲಿಟ್ಟು ಕಣ್ಣಿನ ಸ್ನಾಯುಗಳನ್ನು ಅದಕ್ಕೆ ಜೋಡಿಸುತ್ತಾರೆ. ರಂಧ್ರಗಳೊಳಗೆ ರಕ್ತನಾಳಗಳು ಬೆಳೆಯುತ್ತವೆ. ಮುಂದೆ ಹಾಕುವ ಕೃತಕ ಕಣ್ಣು ಸ್ವಲ್ಪ ಮಟ್ಟಿಗೆ ಚಲಿಸುತ್ತದೆ.

ಹೈಡ್ರಾಕ್ಸಿಅಪಟೈಟ್ ಬಹಳ ನಿಧಾನವಾಗಿ ಕರಗುತ್ತದೆ. ವರ್ಷಗಳ ಬಳಿಕವೂ ಎಕ್ಸ್‌ರೇಯಲ್ಲಿ ಕಾಣಬಹುದು. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಇನ್ನೊಂದು ಸೆರಾಮಿಕ್ ಬೇಗ ಕರಗಿ ಹೊಸ ಮೂಳೆಗೆ ಜಾಗ ಬಿಡುತ್ತದೆ. ಎರಡನ್ನೂ ಬೆರೆಸಿ ಬಳಸುವುದೂ ಇದೆ. ಕರಗುವ ವೇಗ ಮತ್ತು ಮೂಳೆ ಬೆಳೆಯುವ ವೇಗ ಹೊಂದಬೇಕು. ಜರ್ಮನಿಯ ವೈದ್ಯ ಡ್ರೀಸ್‌ಮನ್ 1892ರಲ್ಲೇ ಮೂಳೆಯ ಟೊಳ್ಳುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ್ದರು. ಅದರ ತೊಂದರೆಯೆಂದರೆ, ಮೂಳೆ ತುಂಬಿಕೊಳ್ಳುವ ಮೊದಲೇ ಕರಗಿಬಿಡುವುದುಂಟು.

ಮೂಳೆಗೆ ಅಂಟುವ ಗಾಜು

ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಗಾಜು, ಸೆರಾಮಿಕ್‌ಗಳ ತಜ್ಞ. 1967ರಲ್ಲಿ ಬಸ್ ಪ್ರಯಾಣವೊಂದರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ್ದ ಸೇನಾಧಿಕಾರಿಯೊಬ್ಬರು ಅವರ ಪಕ್ಕದಲ್ಲಿದ್ದರು. ಲೋಹ, ಪ್ಲಾಸ್ಟಿಕ್‌ಗಳನ್ನು ದೇಹ ಒಪ್ಪಿಕೊಳ್ಳದೆ ಅನೇಕ ಸೈನಿಕರು ಕೈಕಾಲು ಕಳೆದುಕೊಳ್ಳುತ್ತಿದ್ದಾರೆ, ದೇಹ ಒಪ್ಪುವ ವಸ್ತು ಮಾಡಲಾಗದೇ ಎಂದು ಅವರು ಕೇಳಿದರು. ಹೆಂಚ್ ಈ ಪ್ರಶ್ನೆಯನ್ನು ಬಿಡಲಿಲ್ಲ. 1969ರಲ್ಲಿ ಅವರ ತಂಡ ಸಿಲಿಕಾ, ಸೋಡಿಯಂ, ಕ್ಯಾಲ್ಸಿಯಂ ಮತ್ತು ರಂಜಕದ ಆಕ್ಸೈಡ್‌ಗಳಿಂದ ಒಂದು ಗಾಜು ತಯಾರಿಸಿತು. ಕಿಟಕಿಯ ಗಾಜಿಗಿಂತ ಇದರಲ್ಲಿ ಸಿಲಿಕಾ ಕಡಿಮೆ, ಕೇವಲ 45 ಶೇಕಡಾ. ಇಲಿಗಳ ತೊಡೆಮೂಳೆಯಲ್ಲಿ ಇಟ್ಟ ಈ ಗಾಜು ಆರು ವಾರಗಳ ಬಳಿಕ ಕೀಳಲಾಗದಷ್ಟು ಗಟ್ಟಿಯಾಗಿ ಮೂಳೆಗೆ ಕಚ್ಚಿಕೊಂಡಿತ್ತು. ಇದೇ ಬಯೋಗ್ಲಾಸ್.

ಇದು ಹೇಗೆ ಸಾಧ್ಯ? ದೇಹದ ದ್ರವ ತಾಗಿದ ಕೂಡಲೇ ಗಾಜಿನ ಮೇಲ್ಮೈಯಿಂದ ಸೋಡಿಯಂ, ಕ್ಯಾಲ್ಸಿಯಂ ಹೊರಬರುತ್ತವೆ. ಮೇಲ್ಮೈಯಲ್ಲಿ ಸಿಲಿಕಾದ ತೆಳು ಪದರ ಉಳಿಯುತ್ತದೆ. ಅದರ ಮೇಲೆ ಮೂಳೆಯ ಖನಿಜದಂತಹ ಪದರ ಹರಳುಗಟ್ಟುತ್ತದೆ. ಮೂಳೆಯ ಕೊಲಾಜೆನ್ ಆ ಪದರಕ್ಕೆ ಹೆಣೆದುಕೊಳ್ಳುತ್ತದೆ.

1985ರಲ್ಲಿ ಮಧ್ಯಕಿವಿಯ ಹಾಳಾದ ಪುಟ್ಟ ಮೂಳೆಗಳ ಬದಲಿಗೆ ಇದನ್ನು ಬಳಸಲು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಂತರ ಹರಳಿನ ರೂಪದಲ್ಲಿ ವಸಡಿನ ರೋಗದಿಂದ ಸವೆದ ದವಡೆಮೂಳೆಗೆ ಬಂತು. ಇಲ್ಲಿ ಹರಳುಗಳ ನಡುವಿನ ಸಂದುಗಳೇ ರಂಧ್ರಗಳ ಕೆಲಸ ಮಾಡುತ್ತವೆ. ಇದೇ ಗಾಜಿನ ನುಣ್ಣನೆಯ ಪುಡಿ ಹಲ್ಲು ಜುಮ್ಮೆನ್ನುವವರಿಗಾಗಿ ಇರುವ ಕೆಲವು ಟೂತ್‌ಪೇಸ್ಟ್‌ಗಳಲ್ಲೂ ಇದೆ. ಫಿನ್‌ಲ್ಯಾಂಡಿನಲ್ಲಿ ಅಭಿವೃದ್ಧಿಯಾದ ಇನ್ನೊಂದು ಗಾಜು ಮೂಳೆಯ ದೀರ್ಘಕಾಲದ ಸೋಂಕಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಅದು ಸುತ್ತಲಿನ ದ್ರವವನ್ನು ಕ್ಷಾರೀಯಗೊಳಿಸಿ ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡುತ್ತದೆ.

ನಮ್ಮ ದೇಶದಲ್ಲೂ ಕೋಲ್ಕತ್ತಾದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗಳು ಇಂತಹ ವಸ್ತುಗಳ ಮೇಲೆ ಕೆಲಸ ಮಾಡಿವೆ.

ಇತಿಮಿತಿಗಳು

ರಂಧ್ರ ಹೆಚ್ಚಾದಷ್ಟೂ ಸೆರಾಮಿಕ್ ದುರ್ಬಲ. ಪಿಂಗಾಣಿ ಬಟ್ಟಲಿನಂತೆ ಬಾಗದೆ ಒಡೆಯುತ್ತದೆ. ಆದ್ದರಿಂದ ಭಾರ ಹೊರುವ ಕಾಲಿನ ಮೂಳೆಗೆ ಇದೊಂದೇ ಸಾಲದು. ಪ್ಲೇಟು, ರಾಡು ಬೇಕಾಗುತ್ತದೆ. ಇದರಲ್ಲಿ ಜೀವಂತ ಕೋಶಗಳೂ ಇಲ್ಲ. ದೊಡ್ಡ ಟೊಳ್ಳಿದ್ದರೆ ವೈದ್ಯರು ಸ್ವಂತ ಮೂಳೆಯೇ ಬೇಕೆನ್ನಬಹುದು ಅಥವಾ ಎರಡನ್ನೂ ಬೆರೆಸಬಹುದು.

ವೈದ್ಯರಲ್ಲಿ ಏನು ಕೇಳಬೇಕು?

ಸಂಕೋಚ ಬೇಡ. ಮೂಲವನ್ನು ತಿಳಿಯುವುದು ರೋಗಿಯ ಹಕ್ಕು. ನೇರವಾಗಿ ಹೀಗೆ ಕೇಳಿ:

• ನೀವು ಬಳಸುವ ಗ್ರಾಫ್ಟ್ ಯಾವುದರಿಂದ ತಯಾರಾದದ್ದು? ಪೊಟ್ಟಣ ತೋರಿಸಬಹುದೇ? ಅದರಲ್ಲಿ 'ಬೊವೈನ್' ಎಂದಿದ್ದರೆ ದನದ್ದು, 'ಪೋರ್ಸೈನ್' ಎಂದಿದ್ದರೆ ಹಂದಿಯದು, 'ಈಕ್ವೈನ್' ಎಂದಿದ್ದರೆ ಕುದುರೆಯದು, 'ಸಿಂಥೆಟಿಕ್' ಎಂದರೆ ಕೃತಕ.
• ಗ್ರಾಫ್ಟಿನ ಮೇಲೆ ಮುಚ್ಚುವ ಪೊರೆ ಯಾವುದರದು? ಇದನ್ನು ಬಹಳ ಜನ ಮರೆಯುತ್ತಾರೆ. ಪುಡಿ ಕೃತಕವಾಗಿದ್ದರೂ ಪೊರೆ ಹಂದಿ ಅಥವಾ ದನದ ಕೊಲಾಜೆನ್‌ನಿಂದ ಮಾಡಿದ್ದಾಗಿರಬಹುದು.
• ನನ್ನ ಸಮಸ್ಯೆಗೆ ಕೃತಕ ಸೆರಾಮಿಕ್ ಅಥವಾ ಗಾಜು ಸಾಕೇ? ಸಾಲದಿದ್ದರೆ ಏಕೆ?
• ಖರ್ಚಿನಲ್ಲಿ ಎಷ್ಟು ವ್ಯತ್ಯಾಸ?

ಪ್ರಾಣಿಮೂಲದ ಮೂಳೆಯನ್ನು ಸಾಮಾನ್ಯವಾಗಿ ಸಂಸ್ಕರಿಸಿ, ಕೆಲವೊಮ್ಮೆ ಹೆಚ್ಚಿನ ಶಾಖ ಕೊಟ್ಟು, ಖನಿಜವನ್ನಷ್ಟೇ ಉಳಿಸುತ್ತಾರೆ. ಹೀಗೆ ಬದಲಾದ ವಸ್ತುವಿನ ವಿಧಿ ಏನು, ಬೇರೆ ದಾರಿಯಿಲ್ಲದಾಗ ಏನು ಎಂಬುದರಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ವೈದ್ಯರು ಹೇಳಿದ ವಸ್ತುವಿನ ಹೆಸರು, ಮೂಲ ಮತ್ತು ಪರ್ಯಾಯ ಇದೆಯೇ ಇಲ್ಲವೇ ಎಂಬುದನ್ನು ಬರೆದುಕೊಂಡು ನಿಮ್ಮ ಉಲಮಾರಲ್ಲಿ ಕೇಳಿ. ಸರಿಯಾದ ಮಾಹಿತಿ ಕೊಟ್ಟರೆ ಸರಿಯಾದ ಉತ್ತರ ಸಿಗುತ್ತದೆ. ಹಲ್ಲಿನ ಇಂಪ್ಲಾಂಟಿಗೆ ವಿಚಾರಿಸಲು ಸಮಯವಿರುತ್ತದೆ. ಆದರೆ ಅಪಘಾತದಂತಹ ತುರ್ತಿನಲ್ಲಿ ಇದಕ್ಕಾಗಿ ಚಿಕಿತ್ಸೆ ತಡಮಾಡಬೇಡಿ. ಜೀವ ಮತ್ತು ಅಂಗ ಉಳಿಸುವುದು ಮೊದಲು.

ಆಪರೇಷನ್ ಬಳಿಕ

ಗ್ರಾಫ್ಟ್ ಎಷ್ಟೇ ಒಳ್ಳೆಯದಿದ್ದರೂ ಅದರೊಳಗೆ ಮೂಳೆ ಬೆಳೆಸಬೇಕಾದದ್ದು ನಿಮ್ಮ ದೇಹ. ಬೀಡಿ, ಸಿಗರೇಟು ರಕ್ತ ಸಂಚಾರ ಕುಗ್ಗಿಸಿ ಗ್ರಾಫ್ಟ್ ವಿಫಲವಾಗುವ ಅಪಾಯ ಹೆಚ್ಚಿಸುತ್ತವೆ. ಗುಟ್ಕಾ, ತಂಬಾಕು ಬಾಯಿಯ ಗಾಯಕ್ಕೆ ನೇರ ಹಾನಿ. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಅದನ್ನು ಹತೋಟಿಗೆ ತರಬೇಕು.

ಬಾಯಿಯಲ್ಲಿ ಗ್ರಾಫ್ಟ್ ಹಾಕಿಸಿದ ಮೊದಲ ದಿನ ಜೋರಾಗಿ ಮುಕ್ಕಳಿಸಬಾರದು. ಹೆಪ್ಪುಗಟ್ಟಿದ ರಕ್ತ ಕಿತ್ತು ಪುಡಿಯೂ ಹೊರಬರಬಹುದು. ಕಿವಿಯ ಆಪರೇಷನ್ ಆದವರು ಗಾಯ ಮಾಯುವವರೆಗೆ ಕಿವಿಯೊಳಗೆ ನೀರು ಹೋಗದಂತೆ ನೋಡಿಕೊಳ್ಳಬೇಕು. ವುಝೂ ಮತ್ತು ಸ್ನಾನ ಹೇಗೆ ಮಾಡಬೇಕೆಂದು ವೈದ್ಯರನ್ನೂ ಉಲಮಾರನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಊತ ಹೆಚ್ಚಾದರೆ, ಕೀವು ಅಥವಾ ಜ್ವರ ಕಂಡರೆ ಮನೆಮದ್ದಿಗೆ ಕಾಯದೆ ವೈದ್ಯರ ಬಳಿ ಹೋಗಿ.

ಬಿಡುಗಡೆಯ ದಿನ ಬಳಸಿದ ಗ್ರಾಫ್ಟಿನ ಸ್ಟಿಕ್ಕರನ್ನು ಕೇಳಿ ಪಡೆದು ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಯಾವ ವೈದ್ಯರು ಎಕ್ಸ್‌ರೇ ನೋಡಿದರೂ ನಿಮ್ಮ ಮೂಳೆಯಲ್ಲಿ ಏನಿದೆ ಎಂದು ಹೇಳಲು ಅದು ಬೇಕಾಗುತ್ತದೆ.