ಒಂದು ಚಮಚ ಅಂದರೆ ಎಷ್ಟು? ಔಷಧದ ಚೀಟಿ: ತಪ್ಪು ಕಲ್ಪನೆ ಮತ್ತು ಸತ್ಯ

ಜಮಖಂಡಿ ಇರಲಿ, ಬೀಳಗಿ ಇರಲಿ, ಯಾವುದೇ ಮೆಡಿಕಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕೇಳುತ್ತದೆ: “ಎರಡ್ ವರ್ಷದ ಕೂಸೈತ್ರಿ, ಜ್ವರದ ಔಷಧ ಕೊಡ್ರಿ.” ವಯಸ್ಸು ಹೇಳಿದರೆ ಸಾಕು, ಅಳತೆ ತಾನೇ ಗೊತ್ತಾಗುತ್ತದೆ ಎಂಬುದು ಎಲ್ಲರ ನಂಬಿಕೆ. ಆದರೆ ಮಕ್ಕಳ ಔಷಧದ ಲೆಕ್ಕ ನಡೆಯುವುದು ತೂಕದ ಮೇಲೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಅನ್ನೇ ನೋಡಿ: ಪ್ರತಿ ಕೆ.ಜಿ. ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಎಂಜಿ. ಒಂದೇ ಓಣಿಯ ಎರಡು ವರ್ಷದ ಎರಡು ಮಕ್ಕಳಲ್ಲಿ ಒಂದು 8 ಕೆ.ಜಿ., ಇನ್ನೊಂದು 12 ಕೆ.ಜಿ. ಇರಬಹುದು. ಮೊದಲನೆಯದಕ್ಕೆ ಹೆಚ್ಚೆಂದರೆ 120 ಎಂಜಿ, ಎರಡನೆಯದಕ್ಕೆ 180. ಅಣ್ಣನಿಗೆ ಬರೆದ ಹಳೆಯ ಚೀಟಿ ತಂಗಿಗೆ ಹೊಂದುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ. ತೂಕ ತಿಳಿಯಲು ದೂರ ಹೋಗಬೇಕಿಲ್ಲ, ಅಂಗನವಾಡಿಯಲ್ಲಿ ತೂಗುತ್ತಾರೆ, ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ದವಾಖಾನೆಗೆ ಹೋಗುವಾಗ ಆ ಕಾರ್ಡು ಕೈಯಲ್ಲಿರಲಿ.

ಇದಕ್ಕಿಂತ ಹೆಚ್ಚು ಅಪಾಯದ ತಪ್ಪು ಬಾಟಲಿಯ ಮೇಲಿನ ಅಂಕಿಯದು. “250 ಅಂದ್ರ ಪವರ್ ಹೆಚ್ಚಿಂದು, 125 ಅಂದ್ರ ಸಣ್ಣ ಕೂಸಿಂದು, ಡ್ರಾಪ್ಸ್ ಅಂದ್ರ ಎಲ್ಲಾದಕ್ಕಿಂತ ಸೌಮ್ಯ” ಎಂದು ಮನೆಮನೆಯಲ್ಲಿ ಹೇಳುತ್ತಾರೆ. ಮೂರರಲ್ಲೂ ಇರುವುದು ಒಂದೇ ಔಷಧ. ಅದು ಎಷ್ಟು ಗಟ್ಟಿಯಾಗಿದೆ ಎಂಬುದನ್ನಷ್ಟೇ ಅಂಕಿ ಹೇಳುತ್ತದೆ. ಸಾಮಾನ್ಯವಾಗಿ ಸಿಗುವ ಒಂದು ಸಿರಪ್‌ನಲ್ಲಿ 5 ಎಂಎಲ್‌ಗೆ 125 ಎಂಜಿ, ಇನ್ನೊಂದರಲ್ಲಿ 5 ಎಂಎಲ್‌ಗೆ 250 ಎಂಜಿ ಇರುತ್ತದೆ. ಡ್ರಾಪ್ಸ್‌ನಲ್ಲಿ ಒಂದೇ ಒಂದು ಎಂಎಲ್‌ಗೆ 100 ಎಂಜಿ. ಮೂರರಲ್ಲಿ ಎಲ್ಲಕ್ಕಿಂತ ಗಟ್ಟಿ ಔಷಧ ಇರುವುದು ಆ ಪುಟ್ಟ ಡ್ರಾಪ್ಸ್ ಬಾಟಲಿಯಲ್ಲೇ!

ಲೆಕ್ಕ ಕಷ್ಟದ್ದಲ್ಲ. ಬೇಕಾದ ಎಂಜಿಯನ್ನು ಬಾಟಲಿಯ ಎಂಜಿಯಿಂದ ಭಾಗಿಸಿ, ಆ ಎಂಜಿ ಎಷ್ಟು ಎಂಎಲ್‌ನಲ್ಲಿದೆಯೋ ಅದರಿಂದ ಗುಣಿಸಬೇಕು. 10 ಕೆ.ಜಿ. ಕೂಸಿಗೆ 150 ಎಂಜಿ ಬೇಕು ಎನ್ನಿ. 125ರ ಸಿರಪ್ ಆದರೆ 6 ಎಂಎಲ್, 250ರದಾದರೆ 3 ಎಂಎಲ್, ಡ್ರಾಪ್ಸ್ ಆದರೆ ಒಂದೂವರೆ ಎಂಎಲ್. ಈಗ ಯಾರೋ ಅವಸರದಲ್ಲಿ ಡ್ರಾಪ್ಸ್ ಅನ್ನೇ ಸಿರಪ್ ಎಂದುಕೊಂಡು 8 ಕೆ.ಜಿ. ಕೂಸಿಗೆ 5 ಎಂಎಲ್ ಚಮಚ ತುಂಬಿ ಕುಡಿಸಿದರೆ 500 ಎಂಜಿ ಹೊಟ್ಟೆಗೆ ಹೋಗುತ್ತದೆ. ಆ ಕೂಸಿಗೆ ಇಡೀ ದಿನಕ್ಕೆ ಇರುವ ಮಿತಿಯೇ ಸುಮಾರು 480 ಎಂಜಿ. ಮಿತಿ ಮೀರುತ್ತ ಹೋದರೆ ಪೆಟ್ಟು ಬೀಳುವುದು ಲಿವರ್‌ಗೆ, ಮತ್ತು ಅದು ಮೊದಲ ದಿನ ಹೊರಗೆ ಕಾಣಿಸದೇ ಇರಬಹುದು.

ಚಮಚದ ಮಾತು ಬಂತು. ಚೀಟಿಯಲ್ಲಿ “ಒಂದು ಚಮಚ” ಎಂದರೆ 5 ಎಂಎಲ್. ಅಡುಗೆಮನೆಯ ಚಮಚಗಳಲ್ಲಿ ಒಂದು ಮೂರು ಎಂಎಲ್ ಹಿಡಿದರೆ ಇನ್ನೊಂದು ಏಳು ಹಿಡಿಯುತ್ತದೆ. ಬಾಟಲಿಯ ಜೊತೆಗೆ ಬರುವ ಗೆರೆ ಹಾಕಿದ ಮುಚ್ಚಳ, ಇಲ್ಲವೇ ಸೂಜಿ ಇಲ್ಲದ ಸಿರಿಂಜ್ ಬಳಸಿ. ಬಾಟಲಿ ಅಲುಗಾಡಿಸದೆ ಕೊಟ್ಟರೆ ತಳದಲ್ಲಿ ಕೂತ ಔಷಧ ಕೊನೆಯ ದಿನಗಳ ಪಾಲಿಗೆ ಉಳಿಯುತ್ತದೆ. ಪುಡಿಯಾಗಿ ಬರುವ ಆ್ಯಂಟಿಬಯೋಟಿಕ್‌ಗೆ ಕಾಯಿಸಿ ಆರಿಸಿದ ನೀರನ್ನು ಬಾಟಲಿಯ ಗುರುತಿನವರೆಗೆ, ಸರಿಯಾಗಿ ಅಷ್ಟೇ ಹಾಕಬೇಕು. ನೀರು ಕಡಿಮೆಯಾದರೆ ಪ್ರತಿ ಚಮಚವೂ ಗಟ್ಟಿ, ಹೆಚ್ಚಾದರೆ ಪ್ರತಿ ಚಮಚವೂ ತೆಳು.

ನಮ್ಮ ಕಡೆಯವರು ದೊಡ್ಡ ಬೇನೆ ಬಂದರೆ ಮಿರಜಿಗೆ ಹೋಗುತ್ತಾರೆ. ವಾನ್ಲೆಸ್ ಆಸ್ಪತ್ರೆಯ ಕಾಲದಿಂದ ಬಂದ ರೂಢಿ ಅದು. ಅಲ್ಲಿಂದ ತಂದ ಚೀಟಿ ಹಿಡಿದು ಮುಧೋಳದ ಅಂಗಡಿಗೆ ಹೋದಾಗ ಬೇರೆ ಹೆಸರಿನ ಗುಳಿಗಿ ಕೊಟ್ಟರೆ “ಇದು ಮಿರಜಿಂದಲ್ಲ, ಬ್ಯಾಡ” ಎಂದು ಮರಳಿಸುವವರಿದ್ದಾರೆ. ಹೊದಿಕೆಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರು ಮತ್ತು ಎಂಜಿ ನೋಡಿ. ಎರಡೂ ಒಂದೇ ಆಗಿದ್ದರೆ ಅದೇ ಔಷಧ. ಸಂಶಯವಿದ್ದರೆ ಬರೆದ ಡಾಕ್ಟರರನ್ನೇ ಕೇಳಿ. ಆ ಸಣ್ಣ ಅಕ್ಷರ ಓದುವುದರಿಂದ ಇನ್ನೊಂದು ಉಪಕಾರವಿದೆ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಮೂರೂ ಪ್ಯಾರಾಸಿಟಮಾಲೇ, ಎಷ್ಟೋ ನೆಗಡಿ ಗುಳಿಗಿಗಳಲ್ಲೂ ಅದೇ ಸೇರಿರುತ್ತದೆ. ಮೈಕೈ ನೋವಿಗೊಂದು, ನೆಗಡಿಗೊಂದು, ಜ್ವರಕ್ಕೊಂದು ಎಂದು ನುಂಗುವವರು ತಿಳಿಯದೇ ಒಂದನ್ನೇ ಮೂರು ಸಲ ನುಂಗಿರುತ್ತಾರೆ.

“ವಾರಕ್ಕೊಂದ್ ತಗೊಳ್ಳೂ ಬದ್ಲಿ ದಿನಾ ತಗೊಂಡ್ರ ಲಗೂ ಗುಣ ಆಗ್ತೈತಿ” ಎಂಬ ಲೆಕ್ಕ ಜೀವಕ್ಕೇ ಮುಳುವಾಗಬಹುದು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಗುಳಿಗಿ. ದಿನಾ ನುಂಗಿದರೆ ಎಲುಬಿನೊಳಗೆ ರಕ್ತ ತಯಾರಾಗುವುದೇ ನಿಲ್ಲುತ್ತದೆ. ಇಂಥ ಚೀಟಿಯಲ್ಲಿ ವಾರದ ಹೆಸರನ್ನೇ ಬರೆಸಿಕೊಳ್ಳಿ.

ಸಕ್ಕರೆ ಕಾಯಿಲೆಯವರಿಗೆ ಸಿರಿಂಜಿನ ಬಣ್ಣ ಗೊತ್ತಿರಬೇಕು. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಬಹುಮಟ್ಟಿಗೆ ಎಂಎಲ್‌ಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಎಂಎಲ್‌ಗೆ 100 ಯೂನಿಟ್‌ನದಕ್ಕೆ ಕಿತ್ತಳೆ ಬಣ್ಣದ್ದು. “ಸಿರಿಂಜ್ ಯಾವ್ದಾದ್ರೇನು, 20ರ ಗೆರಿಗೆ ಎಳದ್ರಾತು” ಎಂದರೆ ಆಗದು. 40ರ ಇನ್ಸುಲಿನ್ ಅನ್ನು ಕಿತ್ತಳೆ ಸಿರಿಂಜಿನಲ್ಲಿ 20ರವರೆಗೆ ಎಳೆದರೆ ಒಳಗೆ ಹೋಗುವುದು ಬರೀ 8 ಯೂನಿಟ್. ಅದಲು ಬದಲಾಗಿ 100ರದನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ 50 ಯೂನಿಟ್ ಹೋಗಿ ಸಕ್ಕರೆ ಕುಸಿದು ಮನುಷ್ಯ ಎಚ್ಚರ ತಪ್ಪುತ್ತಾನೆ.

ಇನ್ನು ಸಲಾಯಿನ್. “ಒಂದ್ ಬಾಟ್ಲಿ ಹಚ್ಚಿಸ್ಕೊಂಡ್ರ ಕಸುವು ಬರ್ತೈತಿ” ಎಂದು ಮಗ್ಗದ ಕೆಲಸ ಬಿಟ್ಟು ಅರ್ಧ ದಿನದ ಕೂಲಿ ಕಳೆದುಕೊಂಡು ಮಲಗುವವರನ್ನು ಕಂಡರೆ ಸಂಕಟವಾಗುತ್ತದೆ. ಸಲಾಯಿನ್ ಬಾಟಲಿಯ ಮೇಲಿನ 0.9 ಪರ್ಸೆಂಟ್ ಅಂದರೆ 100 ಎಂಎಲ್‌ಗೆ 0.9 ಗ್ರಾಂ. 500 ಎಂಎಲ್ ಬಾಟಲಿಯಲ್ಲಿ ಇರುವುದು ನಾಲ್ಕೂವರೆ ಗ್ರಾಂ ಉಪ್ಪು, ಉಳಿದದ್ದು ನೀರು. 5 ಪರ್ಸೆಂಟ್ ಗ್ಲೂಕೋಸ್ ಬಾಟಲಿಯಾದರೆ 25 ಗ್ರಾಂ ಗ್ಲೂಕೋಸ್, ಹೆಚ್ಚೆಂದರೆ 100 ಕ್ಯಾಲರಿ. ಮಹಾಲಿಂಗಪುರದ ಬೆಲ್ಲ 25 ಗ್ರಾಂ ತಿಂದರೂ ಹೆಚ್ಚು ಕಡಿಮೆ ಅಷ್ಟೇ ಸಿಗುತ್ತದೆ. ನಿಲ್ಲದ ವಾಂತಿ, ನೀರೂ ಒಳಗೆ ಇಳಿಯದ ಸುಸ್ತು, ವಿಪರೀತ ಭೇದಿ, ಇಂಥ ಹೊತ್ತಿನಲ್ಲಿ ಸಲಾಯಿನ್ ಜೀವ ಉಳಿಸುತ್ತದೆ. ಬಾಯಿಂದ ಕುಡಿಯಲು ಆಗುವವರಿಗೆ ಓಆರ್‌ಎಸ್ ಸಾಕು. ಅದರ ದೊಡ್ಡ ಪಾಕೀಟನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು, ಲೋಟಕ್ಕೆ ಒಂದಿಷ್ಟು ಉದುರಿಸಿದರೆ ಉಪ್ಪಿನ ಲೆಕ್ಕ ಕೆಡುತ್ತದೆ.

ಕೊನೆಗೆ ಎಲ್ಲರೂ ಒಪ್ಪಿಕೊಂಡು ಕೂತ ಮಾತು: “ಡಾಕ್ಟರ್ರ ಬರದಿದ್ದು ಮೆಡಿಕಲ್‌ನವ್ರಿಗಷ್ಟ ತಿಳೀತೈತಿ.” ಅದು ಹಾಗೇ ಇರಬೇಕೆಂದು ಯಾವ ಕಾನೂನೂ ಹೇಳಿಲ್ಲ. ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ತನ್ನ ನಿಯಮ ತಿದ್ದಿತು. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲೇ ಬರೆಯಲಿ ಎಂದು ಆರೋಗ್ಯ ಸಚಿವರನ್ನು ಕೋರಿದರು. ಔಷಧದ ಹೆಸರು ಇಂಗ್ಲಿಷಿನಲ್ಲಿದ್ದರೂ ನಡೆದೀತು. ಆದರೆ ಚೀಟಿಯಲ್ಲಿ ಓಡಿ ಎಂದರೆ ದಿನಕ್ಕೊಮ್ಮೆ, ಬಿಡಿ ಎಂದರೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ, ಎಚ್‌ಎಸ್ ಎಂದರೆ ಮಲಗುವಾಗ, ಎಸ್‌ಒಎಸ್ ಎಂದರೆ ಬೇಕಾದಾಗ ಮಾತ್ರ. ಈ ಸೂಚನೆಗಳಾದರೂ ಕೂಸಿನ ಅವ್ವನಿಗೆ ಓದಲು ಬರುವ ಅಕ್ಷರದಲ್ಲಿ ಇರಲೇಬೇಕು. ಕೇಳಲು ಸಂಕೋಚ ಬೇಡ. “ತೂಕ 10 ಕೆ.ಜಿ. ಪ್ಯಾರಾಸಿಟಮಾಲ್ ಸಿರಪ್, 5 ಎಂಎಲ್‌ಗೆ 250 ಎಂಜಿ ಇರುವುದು. 3 ಎಂಎಲ್, ಜ್ವರ ಇದ್ದರೆ ಮಾತ್ರ, ಆರು ತಾಸಿಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು.” ಇಷ್ಟು ಬರೆಯಲು ಅರ್ಧ ನಿಮಿಷ ಸಾಕು.